‘ಪರವಾಗಿಲ್ಲ ಡಾಕ್ಟ್ರೇ’ ಎನ್ನುವ ಮೊದಲು

ರೇಡಿಯೇಷನ್ನಿನ ಕೊನೆಯ ದಿನ ಆಸ್ಪತ್ರೆಯವರು ಕೈ ಕುಲುಕುತ್ತಾರೆ, ಮನೆಯವರ ಮುಖ ಸಡಿಲವಾಗುತ್ತದೆ, ಫೋನಿಗೆ ‘ಅಂತೂ ಮುಗೀತಲ್ಲ’ ಎಂಬ ಸಂದೇಶಗಳು ಬಂದು ಬೀಳುತ್ತವೆ. ನನಗೆ ಆ ದಿನ ಎಂಜಲು ನುಂಗಿದರೂ ನೋವು ಕಿವಿಯವರೆಗೆ ಇರಿಯುತ್ತಿತ್ತು. ನಾಲಿಗೆಯ ಬುಡದ ಕ್ಯಾನ್ಸರ್‌ಗೆ ಕೀಮೋ ಮತ್ತು ರೇಡಿಯೇಷನ್ ಎರಡನ್ನೂ ಒಟ್ಟೊಟ್ಟಿಗೆ ತೆಗೆದುಕೊಂಡಿದ್ದೆ. ಮುಗಿದ ಮೇಲಿನ ಒಂದೆರಡು ವಾರಗಳೇ ಎಲ್ಲಕ್ಕಿಂತ ಕಷ್ಟ ಎಂದು ಡಾಕ್ಟರು ಮೊದಲ ಭೇಟಿಯಲ್ಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೇಳಿರದಿದ್ದರೆ ಚಿಕಿತ್ಸೆ ಕೈಕೊಟ್ಟಿತು ಎಂದೇ ತೀರ್ಮಾನಿಸುತ್ತಿದ್ದೆನೇನೋ.

ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆ ಸ್ವಲ್ಪ ಹೊತ್ತು ಕುದಿಯುತ್ತಲೇ ಇರುತ್ತದಲ್ಲ, ಹಾಗೆ. ಬಾಯಿ, ಗಂಟಲಿನ ಒಳಪದರದ ಜೀವಕೋಶಗಳು ಒಂದೆರಡು ವಾರಕ್ಕೊಮ್ಮೆ, ಕರುಳಿನವು ಇನ್ನೂ ಬೇಗ ಸವೆದು, ಅವುಗಳ ಜಾಗಕ್ಕೆ ಹೊಸವು ಬರುತ್ತಿರುತ್ತವೆ. ರೇಡಿಯೇಷನ್ ಮುಖ್ಯವಾಗಿ ಪೆಟ್ಟು ಕೊಡುವುದು ತಳದಲ್ಲಿ ಹೊಸ ಕೋಶ ಹುಟ್ಟಿಸುವ ಪದರಕ್ಕೆ. ಮೇಲಿನ ಹಳೆಯ ಪದರ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ವಾರ ‘ಇಷ್ಟೇನಾ?’ ಅನ್ನಿಸುತ್ತದೆ. ಎರಡನೆಯ, ಮೂರನೆಯ ವಾರಕ್ಕೆ ಹಳೆಯದು ಉದುರಿ ಹೊಸದು ಬಾರದೆ ಹುಣ್ಣು ಶುರುವಾಗುತ್ತದೆ. ಕೊನೆಯಲ್ಲೂ ಇದೇ ಲೆಕ್ಕ: ಮಷೀನು ನಿಂತರೂ ಹೊಸ ಪದರ ಬೆಳೆದು ಮೇಲೆ ಬರಲು ಸಮಯ ಬೇಕು. ಪೇಚಿನ ಸಂಗತಿಯೆಂದರೆ, ಚಿಕಿತ್ಸೆ ನಡೆಯುವಾಗ ವಾರವಾರ ಡಾಕ್ಟರನ್ನು ಕಾಣುತ್ತಿದ್ದವರಿಗೆ ಮುಂದಿನ ಅಪಾಯಿಂಟ್‌ಮೆಂಟ್ ಎಷ್ಟೋ ಸಲ ಒಂದು ತಿಂಗಳ ಆಚೆಗೆ ಸಿಗುತ್ತದೆ, ಸರಿಯಾಗಿ ಕಷ್ಟ ತುದಿ ಮುಟ್ಟುವ ಹೊತ್ತಿಗೇ ಈ ಅಂತರ ಬೀಳುತ್ತದೆ. ಕೊನೆಯ ದಿನ ಹೊರಡುವ ಮುಂಚೆ ‘ಮುಂದಿನ ವಾರವೇ ಒಮ್ಮೆ ಬರಲೇ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ?’ ಎಂದು ಕೇಳಿಕೊಂಡು ಬರುವುದು ಒಳ್ಳೆಯದು.

ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಡುವುದೇಕೆ ಎಂಬ ಪ್ರಶ್ನೆ ಕಾಯುವ ಕೋಣೆಯಲ್ಲಿ ಕುಳಿತವರಿಗೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಬಂದಿರುತ್ತದೆ. ಒಂದಾದ ಮೇಲೊಂದು ಕೊಟ್ಟಿದ್ದರೆ ದೇಹಕ್ಕೆ ಉಸಿರಾಡಲು ಬಿಡುವು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು, ಕ್ಯಾನ್ಸರ್‌ಗೂ ಸಿಗುತ್ತಿತ್ತು. ರೇಡಿಯೇಷನ್ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಕೋಶ ಅದನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತದೆ. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿ ಆ ರಿಪೇರಿಗೆ ಅಡ್ಡಗಾಲು ಹಾಕುತ್ತದೆ. ಒಟ್ಟಿಗೆ ಕೊಡುವ ಕೀಮೋದ ಮುಖ್ಯ ಕೆಲಸವೇ ರೇಡಿಯೇಷನ್ನಿನ ಏಟನ್ನು ಹರಿತಗೊಳಿಸುವುದು. ಈ ಸಿಸ್‌ಪ್ಲಾಟಿನ್ ಸಿಕ್ಕಿದ್ದು ಆಕಸ್ಮಿಕವಾಗಿ. 1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡಲು ಹೊರಟಿದ್ದರು. ಬ್ಯಾಕ್ಟೀರಿಯಾಗಳು ಎರಡಾಗಿ ಒಡೆಯುವುದನ್ನೇ ಬಿಟ್ಟು ಉದ್ದಕ್ಕೆ ಬೆಳೆಯತೊಡಗಿದವು. ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನ ಪ್ಲಾಟಿನಂ ಕರಗಿ ಉಂಟಾದ ಸಂಯುಕ್ತ. 1978ರಲ್ಲಿ ಅದಕ್ಕೆ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. 1999ರ ಫೆಬ್ರವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಐದು ದೊಡ್ಡ ಅಧ್ಯಯನಗಳನ್ನು ಮುಂದಿಟ್ಟು, ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಷನ್ ಬೇಕಾದವರಿಗೆ ಅದರ ಜೊತೆಗೇ ಸಿಸ್‌ಪ್ಲಾಟಿನ್ ಕೊಡುವುದನ್ನು ಗಟ್ಟಿಯಾಗಿ ಪರಿಗಣಿಸಿ ಎಂದು ವೈದ್ಯರಿಗೆ ತಿಳಿಸಿತು. ತಲೆ-ಕತ್ತು, ಶ್ವಾಸಕೋಶ, ಅನ್ನನಾಳ, ಗುದದ್ವಾರ ಮುಂತಾದ ಕಡೆಯ ಕ್ಯಾನ್ಸರ್‌ಗಳಲ್ಲೂ ಇಂಥ ಜೋಡಿ ಚಿಕಿತ್ಸೆ ಬಳಕೆಯಲ್ಲಿದೆ. ಎಲ್ಲ ಕಡೆ ಔಷಧಿ ಅದೇ ಇರುವುದಿಲ್ಲ ಅಷ್ಟೆ.

ಏಟು ಹರಿತವಾಗುವುದು ಗಡ್ಡೆಗೆ ಮಾತ್ರವಲ್ಲ, ಪಕ್ಕದ ಆರೋಗ್ಯವಂತ ಜಾಗಕ್ಕೂ. ಅಡ್ಡಪರಿಣಾಮಗಳು ಬರೀ ಕೂಡಿಕೊಳ್ಳದೆ ಒಂದನ್ನೊಂದು ಕೆರಳಿಸುವುದು ಇದರಿಂದಲೇ. ಕೀಮೋದಿಂದ ಬಿಳಿ ರಕ್ತಕಣ ಇಳಿದ ವಾರವೇ ಬಾಯಲ್ಲಿ ಹುಣ್ಣು ತೆರೆದಿರುತ್ತದೆ. ಸೋಂಕಿಗೆ ಬಾಗಿಲು ತೆರೆದಿದೆ, ಕಾವಲುಗಾರನಿಲ್ಲ. ವಾಕರಿಕೆಯಿಂದ ನೀರು ಸೇರುವುದಿಲ್ಲ, ಗಂಟಲು ನೋವಿನಿಂದಲೂ ಸೇರುವುದಿಲ್ಲ, ನೀರು ಸೇರದೆ ಸಿಸ್‌ಪ್ಲಾಟಿನ್ ಕಿಡ್ನಿಯನ್ನು ಹಿಡಿಯುತ್ತದೆ. ಇದು ಗೊತ್ತಿದ್ದರೆ ‘ಇಷ್ಟು ಚಿಕ್ಕ ವಿಷಯ ಹೇಳಬೇಕಾ’ ಎಂಬ ಸಂಕೋಚ ಸ್ವಲ್ಪ ಕಡಿಮೆಯಾಗುತ್ತದೆ.

ನಾನು ಹೇಳಬೇಕೆಂದಿರುವ ಮಾತು ಇರುವುದೂ ಇಲ್ಲೇ. ತಲೆ-ಕತ್ತಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಒಟ್ಟು 70 ಗ್ರೇ (ಇದು ಡೋಸಿನ ಅಳತೆ) ರೇಡಿಯೇಷನ್ನನ್ನು 35 ಪಾಲು ಮಾಡಿ, ವಾರಕ್ಕೆ ಐದು ದಿನದಂತೆ ಏಳು ವಾರ ಕೊಡುತ್ತಾರೆ. ಜೊತೆಗೆ ಸಿಸ್‌ಪ್ಲಾಟಿನ್ ಮೂರು ವಾರಕ್ಕೊಮ್ಮೆ ದೊಡ್ಡ ಡೋಸಿನಲ್ಲೋ, ವಾರವಾರ ಚಿಕ್ಕ ಡೋಸಿನಲ್ಲೋ ಇರುತ್ತದೆ. ಈ ಏಳು ವಾರ ಎಂಟು, ಒಂಬತ್ತಾಗಬಾರದು. ಸರಿಸುಮಾರು ನಾಲ್ಕನೆಯ ವಾರದ ಹೊತ್ತಿಗೆ, ಉಳಿದಿರುವ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಮರುಹುಟ್ಟು ಶುರುಮಾಡುತ್ತವೆ. ಚಿಕಿತ್ಸೆ ಒಂದು ದಿನ ಹೆಚ್ಚು ಎಳೆದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಒಂದರಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ಇರುವ ಅಂದಾಜು. ಹಾಗಾಗಿಯೇ ಮಷೀನು ಕೆಟ್ಟು ಒಂದು ದಿನ ತಪ್ಪಿದರೆ ಶನಿವಾರ ಕರೆಯುತ್ತಾರೆ, ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರ ಬಿಟ್ಟು ಎರಡು ಸಲ ಕೊಡುತ್ತಾರೆ. ಹೀಗಿರುವಾಗ ಬಾಯಿ ಹುಣ್ಣು, ನೀರಿನಂಶ ಕಡಿಮೆಯಾಗಿ ತಲೆಸುತ್ತು, ಜ್ವರ ಎಂದು ಒಂದು ವಾರ ಹಾಸಿಗೆ ಹಿಡಿದರೆ ನಷ್ಟ ಯಾರಿಗೆ? ಅಡ್ಡಪರಿಣಾಮವನ್ನು ನೋಡಿಕೊಳ್ಳುವುದು ರೋಗಿಯ ಸುಖಕ್ಕಾಗಿ ಮಾಡುವ ಉಪಚಾರ ಎಂದು ಬಹಳ ಜನ ತಿಳಿದಿರುತ್ತಾರೆ. ಅದೂ ಚಿಕಿತ್ಸೆಯ ಒಂದು ಭಾಗ. ಸುಮ್ಮನೆ ಸಹಿಸಿಕೊಳ್ಳುವುದರಲ್ಲಿ ಧೈರ್ಯವೇನೂ ಇಲ್ಲ ಎಂದು ನನಗೆ ಬಲವಾಗಿ ಅನ್ನಿಸಿದೆ.

ಆದರೆ ನಾವು ಸಹಿಸಿಕೊಳ್ಳುವವರೇ. ವಾರದ ಭೇಟಿಯಲ್ಲಿ ಡಾಕ್ಟರು ‘ಹೇಗಿದ್ದೀರಿ?’ ಎಂದ ಕೂಡಲೇ ‘ಪರವಾಗಿಲ್ಲ ಡಾಕ್ಟ್ರೇ’ ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ಹೊರಗೆ ನಮ್ಮ ಜೊತೆ ಕುಳಿತಾಗ ರಾತ್ರಿಯಿಡೀ ಎಚ್ಚರವಿದ್ದುದನ್ನು ಹೇಳಿಕೊಂಡವರೇ ಒಳಗೆ ಹೋಗಿ ‘ಪರವಾಗಿಲ್ಲ’ ಎಂದು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರಿಗೆ ತೊಂದರೆ ಕೊಡಬಾರದು, ಹೊರಗೆ ಇನ್ನೂ ಜನ ಕಾಯುತ್ತಿದ್ದಾರೆ, ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಟ್ಟಾರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಅಳುಕು. ನನ್ನ ಅಕ್ಕ ಮೊದಲೇ ಎಚ್ಚರಿಸಿದ್ದಳು: “ನೋಡು, ನೀನು ಒಳಗೆ ಹೋಗಿ ಪರವಾಗಿಲ್ಲ ಅಂದ್ಯೋ, ಅಲ್ಲೇ ಬಾಯಿ ಹಾಕಿ ಎಲ್ಲ ಹೇಳಿಬಿಡ್ತೀನಿ.” ಅವಳೊಂದು ನೋಟ್‌ಬುಕ್ ಇಟ್ಟಳು. ಬೆಳಗಿನ ತೂಕ, ಜ್ವರ, ಎಷ್ಟು ಲೋಟ ನೀರು ಸೇರಿತು, ನೋವು ಹತ್ತಕ್ಕೆ ಎಷ್ಟು, ಹೊಟ್ಟೆ ಸರಿಯಾಗಿ ಹೋಯಿತೇ, ವಾಂತಿಯಾಯಿತೇ. ದಿನಕ್ಕೆ ಎರಡು ಸಾಲು. ಡಾಕ್ಟರು ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ಆ ಪುಸ್ತಕವನ್ನೇ ನೋಡುತ್ತಿದ್ದರು.

ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಹರಡಿದ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದ 766 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೊಂದಿದೆ. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ಆಗಾಗ ತಾವೇ ದಾಖಲಿಸಬೇಕಿತ್ತು. ಏನಾದರೂ ಹದಗೆಟ್ಟರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನ ಮಧ್ಯಾಂಕ ಬದುಕುಳಿವು (ಅರ್ಧದಷ್ಟು ಜನ ಬದುಕಿದ್ದ ಅವಧಿ) 31.2 ತಿಂಗಳು, ಎರಡನೆಯದರದ್ದು 26 ತಿಂಗಳು. ಅವರದು ಬೇರೆ ಹಂತದ ಕಾಯಿಲೆ, ನಮ್ಮದಕ್ಕೆ ಆ ಅಂಕಿಯನ್ನು ಹಾಗೇ ಅಂಟಿಸುವಂತಿಲ್ಲ. ಆದರೂ, ಹೊಸ ಔಷಧಿ ಏನೂ ಕೊಡದೆ, ಕೇಳಿ ತಿಳಿದು ಬೇಗ ಸ್ಪಂದಿಸಿದ್ದಕ್ಕೇ ಇಷ್ಟು ವ್ಯತ್ಯಾಸವೆಂದರೆ ಯೋಚಿಸಬೇಕಾದ್ದೇ.

ವಾಕರಿಕೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ನಾನು ಹೆದರಿದ್ದಷ್ಟು ಕಾಡಲಿಲ್ಲ. ಸಿಸ್‌ಪ್ಲಾಟಿನ್ ಅತಿ ಹೆಚ್ಚು ವಾಂತಿ ತರಿಸುವ ಕೀಮೋಗಳಲ್ಲೊಂದು. ಒಂದು ಕಾಲಕ್ಕೆ ಅದನ್ನು ಪಡೆದವರೆಲ್ಲ ಹೆಚ್ಚುಕಡಿಮೆ ವಾಂತಿ ಮಾಡಿಕೊಳ್ಳುತ್ತಲೇ ಇದ್ದರು. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ವಾಂತಿ ತಡೆಯುವ ಆಂಡಾನ್‌ಸೆಟ್ರಾನ್, 2003ರ ಅಪ್ರೆಪಿಟಂಟ್, ಜೊತೆಗೆ ಡೆಕ್ಸಾಮೆಥಾಸೋನ್, ಒಲಾಂಜಪೈನ್ ಇವೆಲ್ಲ ಸೇರಿ ಪರಿಸ್ಥಿತಿಯನ್ನೇ ಬದಲಿಸಿವೆ. ಗೊತ್ತಿರಬೇಕಾದದ್ದು ಇಷ್ಟೆ: ವಾಂತಿ ಎರಡು ಸುತ್ತಿನಲ್ಲಿ ಬರುತ್ತದೆ. ಮೊದಲನೆಯದು ಕೀಮೋ ದಿನವೇ. ಅದನ್ನು ಆಸ್ಪತ್ರೆಯಲ್ಲೇ ನೋಡಿಕೊಳ್ಳುತ್ತಾರೆ. ಎರಡನೆಯದು ಎರಡು ಮೂರು ದಿನ ಬಿಟ್ಟು, ನಾವು ಮನೆಯಲ್ಲಿ ‘ಈ ಸಲ ಏನೂ ಆಗಲಿಲ್ಲ’ ಎಂದು ಮಾತ್ರೆ ನಿಲ್ಲಿಸುವ ಯೋಚನೆಯಲ್ಲಿರುವಾಗ. ಬರೆದುಕೊಟ್ಟ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ, ವಾಕರಿಕೆ ಇಲ್ಲದಿದ್ದರೂ ನುಂಗಬೇಕು. ಇನ್ನು ಆಂಡಾನ್‌ಸೆಟ್ರಾನ್ ಮಲಬದ್ಧತೆ ತರುತ್ತದೆ. ಅದರ ಜೊತೆಗೆ ನೋವಿನ ಮಾರ್ಫಿನ್ ಸೇರಿದರೆ ಹೊಟ್ಟೆ ಕಲ್ಲಾಗುತ್ತದೆ. ಇದನ್ನು ಯಾರೂ ತಾವಾಗಿ ಕೇಳುವುದಿಲ್ಲ, ನಾವೇ ಹೇಳಿ ಔಷಧಿ ಬರೆಸಿಕೊಳ್ಳಬೇಕು.

ನನ್ನ ನಿಜವಾದ ಕಥೆ ಬಾಯಿಯದು.

ಮೊದಲು ಹೋದದ್ದು ರುಚಿ. ಒಂದು ದಿನ ಎಲ್ಲವೂ ತುಸು ಮಂಕು; ಕೆಲವೇ ದಿನಗಳಲ್ಲಿ ಸಿಹಿ, ಉಪ್ಪು, ಹುಳಿ ಎಲ್ಲಕ್ಕೂ ಒಂದೇ ರುಚಿ, ಅದೂ ತಗಡು ನೆಕ್ಕಿದ ರುಚಿ. ಆಮೇಲೆ ಜೊಲ್ಲು. ಮೊದಲು ಕಡಿಮೆಯಾಯಿತು, ಉಳಿದದ್ದು ಅಂಟಂಟಾಗಿ ದಾರದಂತೆ ಎಳೆಯತೊಡಗಿತು. ರಾತ್ರಿ ಗಂಟಲಲ್ಲಿ ಅದು ಸಿಕ್ಕಿಕೊಂಡು ಎದ್ದು ಕೂರುವುದು ಹುಣ್ಣಿನ ನೋವಿಗಿಂತ ಹೆಚ್ಚು ಕಂಗೆಡಿಸುತ್ತದೆ. ತಲೆ ಕಡೆ ದಿಂಬು ಏರಿಸಿಕೊಂಡು ಮಲಗುವುದು, ಕೋಣೆಯ ಗಾಳಿಯನ್ನು ತೇವವಾಗಿಡುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು, ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದು ಇವು ಸ್ವಲ್ಪ ಸಹಾಯ ಮಾಡಿದವು. ಪೂರ್ತಿ ಸರಿಹೋಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮುಕ್ಕಳಿಸುವ ನೀರಿನಲ್ಲಿ ಗುಟ್ಟೇನೂ ಇಲ್ಲ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಊಟಕ್ಕೆ ಮೊದಲು, ಊಟವಾದ ಮೇಲೆ, ಮಲಗುವ ಮುಂಚೆ, ನಡುನಡುವೆ. ಅಂಗಡಿಯಲ್ಲಿ ಸಿಗುವ ಘಮಘಮಿಸುವ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇದ್ದರೆ ಬಾಯಿಗೆ ಬೆಂಕಿ ಬಿದ್ದಂತಾಗುತ್ತದೆ, ಒಣಗುವುದೂ ಹೆಚ್ಚು. ಎಳೆಯ ಮಕ್ಕಳ ಬ್ರಷ್ಷಿನಷ್ಟು ಮೃದುವಾದ ಬ್ರಷ್ಷೇ ಸಾಕು. ನೋವು, ಉರಿ ತಗ್ಗಿಸುವ ಬೆಂಜಿಡಮೀನ್ ಇರುವ ದ್ರಾವಣವನ್ನು ಡಾಕ್ಟರು ಬರೆದುಕೊಡಬಹುದು. ಕೆಲವು ಕಡೆ ಹುಣ್ಣು ಬಾರದಂತೆ ಕಡಿಮೆ ಶಕ್ತಿಯ ಲೇಸರ್ ಬೆಳಕನ್ನೂ ಬಾಯೊಳಗೆ ಹಾಯಿಸುತ್ತಾರೆ, ಸೌಲಭ್ಯ ಇದೆಯೇ ಎಂದು ಚಿಕಿತ್ಸೆಗೆ ಮೊದಲೇ ಕೇಳಬೇಕು. ನಾಲಿಗೆಯ ಮೇಲೆ ಮೊಸರು ಹರಡಿದಂಥ ಬಿಳಿ ಪದರ ಕಂಡು ನೋವು ಇದ್ದಕ್ಕಿದ್ದಂತೆ ಹೆಚ್ಚಿದರೆ ಅದು ರೇಡಿಯೇಷನ್ ಹುಣ್ಣಷ್ಟೇ ಅಲ್ಲದೆ ಶಿಲೀಂಧ್ರದ ಸೋಂಕೂ ಇರಬಹುದು. ಅದಕ್ಕೆ ಬೇರೆಯೇ ಮಾತ್ರೆ ಇದೆ, ಕೆಲವೇ ದಿನಗಳಲ್ಲಿ ಹತೋಟಿಗೆ ಬರುತ್ತದೆ. ‘ಹೇಗೂ ಹುಣ್ಣಿದ್ದದ್ದೇ’ ಎಂದು ಸುಮ್ಮನಿದ್ದವರಿಗೆ ಈ ಸುಲಭದ ಪರಿಹಾರ ತಪ್ಪಿಹೋಗುತ್ತದೆ.

ನೋವಿನ ಔಷಧಿಯ ಬಗ್ಗೆ ನಮ್ಮಲ್ಲಿರುವ ಹೆದರಿಕೆ ನನಗೆ ಬೇಸರ ತರಿಸುತ್ತದೆ. ಮಾರ್ಫಿನ್ ಎಂದ ತಕ್ಷಣ ‘ಕೊನೆಗಾಲದ ಔಷಧಿ’ ಎಂದೋ, ‘ಚಟ ಹತ್ತುತ್ತದೆ’ ಎಂದೋ ಗುಸುಗುಸು. ಹುಣ್ಣಿನಿಂದ ನುಂಗಲಾಗದವರಿಗೆ, ಡಾಕ್ಟರ ಉಸ್ತುವಾರಿಯಲ್ಲಿ, ಕೆಲವು ವಾರಗಳ ಮಟ್ಟಿಗೆ ಕೊಟ್ಟು ನಂತರ ಹಂತಹಂತವಾಗಿ ಇಳಿಸಿ ನಿಲ್ಲಿಸುವ ಔಷಧಿ ಅದು. ನನಗೆ ಸಿಸ್ಟರ್ ಒಬ್ಬರು ಹೇಳಿಕೊಟ್ಟ ಉಪಾಯ ಬಹಳ ಕೆಲಸಕ್ಕೆ ಬಂತು. “ನೋವು ಬಂದಾಗ ಅಲ್ಲ ಸಾರ್, ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಿ. ಔಷಧಿ ಇರೋದು ಊಟ ಇಳಿಯೋಕೆ.” ಆಮೇಲೆ ಹುಣ್ಣು ಮರಗಟ್ಟಿಸುವ ಜೆಲ್ ಹಚ್ಚಿ, ಊಟ. ಇನ್ನೊಂದು ಎಚ್ಚರಿಕೆ: ಮನೆಯಲ್ಲಿದ್ದ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು, ಸಿಸ್‌ಪ್ಲಾಟಿನ್ ಜೊತೆ ಅದು ಕಿಡ್ನಿಗೆ ಎರಡು ಕಡೆಯ ಪೆಟ್ಟು.

ಊಟ ಆ ದಿನಗಳಲ್ಲಿ ಊಟವಾಗಿ ಉಳಿಯುವುದಿಲ್ಲ, ಕೆಲಸವಾಗುತ್ತದೆ. ಹಸಿವಾದಾಗ ತಿನ್ನುತ್ತೇನೆಂದರೆ ಹಸಿವಾಗುವುದೇ ಇಲ್ಲ. ಗಡಿಯಾರ ನೋಡಿ, ಎರಡು ಎರಡೂವರೆ ಗಂಟೆಗೊಮ್ಮೆ, ಚಿಕ್ಕ ಬಟ್ಟಲಿನಲ್ಲಿ. ಡಯಟಿಷಿಯನ್ ಹಾಕಿಕೊಟ್ಟ ಲೆಕ್ಕ ಸಾಮಾನ್ಯವಾಗಿ ಎಲ್ಲರಿಗೂ ಹೇಳುವಂಥದ್ದೇ: ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 30 ಕ್ಯಾಲೊರಿ, ಒಂದರಿಂದ ಒಂದೂವರೆ ಗ್ರಾಂ ಪ್ರೊಟೀನ್. ಅರವತ್ತು ಕೆಜಿಯ ಮನುಷ್ಯನಿಗೆ 1,800 ಕ್ಯಾಲೊರಿ. ಆರೋಗ್ಯವಾಗಿದ್ದಾಗ ಲೆಕ್ಕಕ್ಕೇ ಸಿಗದೆ ಹೊಟ್ಟೆ ಸೇರುವ ಇಷ್ಟು ಆಹಾರ, ಐದನೆಯ ವಾರದಲ್ಲಿ ಬೆಟ್ಟ. ನುಣ್ಣಗೆ ರುಬ್ಬಿದ್ದು, ಉಗುರುಬೆಚ್ಚಗಿನದು ಇಲ್ಲವೇ ತಣ್ಣಗಿನದು, ಖಾರ ಹುಳಿ ಇಲ್ಲದ್ದು, ಪ್ರತಿ ಗುಟುಕಿನಲ್ಲೂ ಬೆಣ್ಣೆಯೋ ಕೆನೆಯೋ ಪ್ರೊಟೀನ್ ಪುಡಿಯೋ ಸೇರಿದ್ದು. ಬರೀ ತಿಳಿ ಸೂಪು ಹೊಟ್ಟೆ ತುಂಬಿಸುತ್ತದೆ, ಮೈಗೆ ಏನನ್ನೂ ಕೊಡುವುದಿಲ್ಲ. ತೂಕ ಇಳಿದರೆ ಮತ್ತೊಂದು ತೊಡಕೂ ಇದೆ. ಮುಖ ಕತ್ತು ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಮಾಸ್ಕನ್ನು ಮೊದಲ ದಿನದ ಅಳತೆಗೆ ಮಾಡಿರುತ್ತಾರೆ. ಮುಖ ಸೊರಗಿದರೆ ಅದು ಸಡಿಲವಾಗಿ, ಮಿಲಿಮೀಟರುಗಳ ಲೆಕ್ಕದಲ್ಲಿ ಗುರಿಯಿಟ್ಟ ಕಿರಣ ಜಾಗ ತಪ್ಪದಿರಲೆಂದು ಮತ್ತೆ ಸ್ಕ್ಯಾನ್, ಮತ್ತೆ ಮಾಸ್ಕ್, ಮತ್ತೆ ಪ್ಲ್ಯಾನಿಂಗ್ ಮಾಡಬೇಕಾಗಬಹುದು.

ಟ್ಯೂಬ್ ಹಾಕಿಸಿಕೊಳ್ಳುವ ಮಾತು ಬಂದಾಗ ಬಹಳ ಮಂದಿ ಸೋಲೊಪ್ಪಿಕೊಂಡವರಂತೆ ಕುಸಿಯುತ್ತಾರೆ. ಮೂಗಿನಿಂದ ಹೋಗುವ ನಳಿಕೆಯೋ, ಹೊಟ್ಟೆಗೇ ನೇರ ಇಡುವ ಟ್ಯೂಬೋ, ಯಾವುದೇ ಆಗಲಿ, ಅದು ಚಿಕಿತ್ಸೆಯನ್ನು ದಡ ಮುಟ್ಟಿಸುವ ಸಾಧನ. ಅದರ ಬಗ್ಗೆ ಅಭಿಮಾನ ಪಡುವಂಥದ್ದೂ ನಾಚಿಕೊಳ್ಳುವಂಥದ್ದೂ ಏನಿಲ್ಲ. ಒಂದೇ ಷರತ್ತು: ಟ್ಯೂಬ್ ಇದೆಯೆಂದು ನುಂಗುವುದನ್ನು ಪೂರ್ತಿ ಬಿಡಬಾರದು. ವಾರಗಟ್ಟಲೆ ಕೆಲಸವಿಲ್ಲದ ಗಂಟಲಿನ ಸ್ನಾಯುಗಳು ಆಮೇಲೆ ಸುಲಭಕ್ಕೆ ಮಾತು ಕೇಳುವುದಿಲ್ಲ. ಸುರಕ್ಷಿತವೆಂದು ಡಾಕ್ಟರು ಹೇಳಿದಷ್ಟು ನೀರಿನ ಗುಟುಕನ್ನಾದರೂ ನುಂಗುತ್ತಿರಬೇಕು, ನುಂಗುವ ವ್ಯಾಯಾಮಗಳನ್ನು, ಬಾಯಿ ಅಗಲಿಸುವ ವ್ಯಾಯಾಮಗಳನ್ನು ನೋವಿದ್ದರೂ ಬಿಡಬಾರದು. ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹಿಡಿಸುವಷ್ಟು ದವಡೆ ತೆರೆಯಬೇಕು ಎಂಬುದು ಮನೆಯಲ್ಲೇ ನೋಡಿಕೊಳ್ಳಬಹುದಾದ ಅಳತೆ.

ಚರ್ಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತು ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ಕೊನೆಯಲ್ಲಿ ಅಲ್ಲಲ್ಲಿ ಸುಲಿಯಿತು. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಉಜ್ಜದೆ ಒತ್ತಿ ಒರೆಸುವುದು, ಸಡಿಲ ಹತ್ತಿ ಬಟ್ಟೆ, ಬಿಸಿಲಿಗೆ ಹೋಗದಿರುವುದು, ಬ್ಲೇಡಿನ ಬದಲು ಎಲೆಕ್ಟ್ರಿಕ್ ಟ್ರಿಮ್ಮರ್, ಡಾಕ್ಟರು ಹೇಳಿದ ಕ್ರೀಮು. ಐಸ್ ಬೇಡ, ಶಾಖವೂ ಬೇಡ. ಒದ್ದೆಯಾಗಿ ರಸಿಗೆ ಬಂದರೆ ತೋರಿಸಬೇಕು. ಇಷ್ಟೆ.

ಕಿಡ್ನಿ ಮತ್ತು ಕಿವಿ ಸದ್ದಿಲ್ಲದೆ ಕೆಡುವ ಅಂಗಗಳಾದ್ದರಿಂದ ಅವುಗಳ ಮೇಲೆ ಬೇರೆಯೇ ಕಣ್ಣಿಡಬೇಕು. ಸಿಸ್‌ಪ್ಲಾಟಿನ್ ದಿನ ಗಂಟೆಗಟ್ಟಲೆ ಸಲೈನ್ ಏರಿಸುವುದು, ಅದರಲ್ಲಿ ಮೆಗ್ನೀಸಿಯಂ ಬೆರೆಸುವುದು ಕಿಡ್ನಿಯನ್ನು ಕಾಪಾಡಲು. ಮನೆಗೆ ಬಂದ ಮೇಲೆ ಆ ಕೆಲಸ ನಮ್ಮದು. ಮೂತ್ರ ಗಾಢ ಬಣ್ಣಕ್ಕೆ ತಿರುಗಿತು, ಎದ್ದು ನಿಂತರೆ ತಲೆ ಸುತ್ತಿತು ಎಂದರೆ ಮರುದಿನದವರೆಗೆ ಕಾಯದೆ ಫೋನ್ ಮಾಡಿ. ಒಂದು ಬಾಟಲ್ ಡ್ರಿಪ್ ಹಾಕಿಸಿಕೊಂಡು ಬಂದರೆ ಮುಂದಿನ ಕೀಮೋ ತಪ್ಪದೆ ಉಳಿಯಬಹುದು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾದರೆ ಅದನ್ನೂ ಅವತ್ತೇ ಹೇಳಬೇಕು. ಸಿಸ್‌ಪ್ಲಾಟಿನ್‌ನಿಂದ ಹೋದ ಶ್ರವಣ, ಮುಖ್ಯವಾಗಿ ಎತ್ತರದ ಸ್ವರಗಳು, ಸಾಮಾನ್ಯವಾಗಿ ಮರಳುವುದಿಲ್ಲ. ಬೇಗ ಗೊತ್ತಾದರೆ ಡೋಸ್ ಬದಲಿಸುವ, ಬೇರೆ ಔಷಧಿಗೆ ಹೋಗುವ ಅವಕಾಶ ಡಾಕ್ಟರಿಗಿರುತ್ತದೆ.

ಜ್ವರಕ್ಕೆ ಮಾತ್ರ ಯೋಚನೆಗೇ ಅವಕಾಶವಿಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ಮುಟ್ಟಿತೋ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ. ಬಿಳಿ ರಕ್ತಕಣ ತಳ ಕಂಡಿದ್ದರೆ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ‘ಒಂದು ಪ್ಯಾರಸಿಟಮಾಲ್ ಹಾಕಿಕೊಂಡು ಬೆಳಿಗ್ಗೆ ನೋಡೋಣ’ ಎನ್ನುವುದು ಜ್ವರವನ್ನು ಮುಚ್ಚಿಡುತ್ತದೆ, ಸೋಂಕನ್ನಲ್ಲ. ನೋವಿಗೆಂದು ಮೊದಲೇ ಪ್ಯಾರಸಿಟಮಾಲ್ ತೆಗೆದುಕೊಳ್ಳುತ್ತಿರುವವರು ಮಾತ್ರೆಗೆ ಮುಂಚೆ ಜ್ವರ ಅಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಇಷ್ಟೆಲ್ಲದರ ಅಡಿಯಲ್ಲಿ ಸುಸ್ತು ಹಾಸಿಕೊಂಡಿರುತ್ತದೆ. ಎಷ್ಟು ನಿದ್ದೆ ಮಾಡಿದರೂ ಹೋಗದ ಸುಸ್ತು. ಮಲಗಿಯೇ ಇದ್ದರೆ ಅದು ಇನ್ನೂ ಬೇರು ಬಿಡುತ್ತದೆ, ಸ್ವಲ್ಪ ನಡೆದಾಡಿದರೆ ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳ ಆಧಾರವಿದೆ. ಅನುಭವಿಸುವಾಗ ಮಾತ್ರ ಇದು ಕ್ರೂರ ತಮಾಷೆಯಂತೆ ಕೇಳುತ್ತದೆ. ಅಕ್ಕ ನನ್ನನ್ನು ಸಂಜೆ ಎಬ್ಬಿಸಿಕೊಂಡು ಹೋಗುತ್ತಿದ್ದಳು. “ಗೇಟಿನ ತನಕ ಬಾ ಸಾಕು” ಎನ್ನುತ್ತಿದ್ದಳು, ಗೇಟು ತಲುಪಿದ ಮೇಲೆ ಗೇಟಿನಾಚೆಗೊಂದು ಗುರಿ ಅವಳ ಹತ್ತಿರ ಸಿದ್ಧವಿರುತ್ತಿತ್ತು. ನಾನು ಅವಳ ಮೇಲೆ ರೇಗಿದ್ದೂ ಆ ದಾರಿಯಲ್ಲೇ ಹೆಚ್ಚು. ಮಾತಾಡಲು ಗಂಟಲಿಲ್ಲದ್ದರಿಂದ ಸನ್ನೆಯಲ್ಲಿ ರೇಗಬೇಕಾಗಿತ್ತು, ಅದು ಇಬ್ಬರಿಗೂ ನಗು ತರಿಸುತ್ತಿತ್ತು.

ಸಲಹೆ ಕೊಡುವವರ ವಿಷಯ. ಅವರ ಪ್ರೀತಿಯನ್ನು ಅನುಮಾನಿಸುವುದಿಲ್ಲ, ಅವರು ತಂದಿಡುವ ಡಬ್ಬಿಗಳನ್ನು ಅನುಮಾನಿಸುತ್ತೇನೆ. ‘ಇಮ್ಯೂನಿಟಿ’ ಹೆಚ್ಚಿಸುವ ಪುಡಿ, ಆ್ಯಂಟಿ ಆಕ್ಸಿಡೆಂಟ್ ಮಾತ್ರೆ, ಗಿಡಮೂಲಿಕೆಯ ಕಷಾಯ. ರೇಡಿಯೇಷನ್ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಹುಪಾಲು ಆಕ್ಸಿಡೇಷನ್ ಮೂಲಕವೇ. ಅದನ್ನು ತಡೆಯುವ ಮಾತ್ರೆ ಗಡ್ಡೆಗೂ ರಕ್ಷಣೆ ಕೊಟ್ಟರೆ? ಕೆನಡಾದ ಕ್ವಿಬೆಕ್‌ನಲ್ಲಿ, ರೇಡಿಯೇಷನ್ ಪಡೆಯುತ್ತಿದ್ದ ತಲೆ-ಕತ್ತಿನ ಕ್ಯಾನ್ಸರಿನ 540 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ಕೊಟ್ಟು ನೋಡಿದ್ದರು. ಅಡ್ಡಪರಿಣಾಮ ತುಸು ಕಡಿಮೆಯಾಯಿತು ನಿಜ; ಆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವ ಪ್ರಮಾಣ ಹೆಚ್ಚಿರುವ ಸೂಚನೆ ಕಂಡಿತು. ಊಟದಲ್ಲಿ ಬರುವ ಹಣ್ಣು ತರಕಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಡಬ್ಬಿಯಲ್ಲಿ ಬರುವ ಯಾವುದನ್ನೇ ಆಗಲಿ ಮೊದಲು ಡಾಕ್ಟರ ಮೇಜಿನ ಮೇಲಿಟ್ಟು ಕೇಳಿ. ಹೊಗೆಸೊಪ್ಪಿನ ವಿಷಯದಲ್ಲಿ ಕೇಳುವುದೂ ಬೇಡ: ಚಿಕಿತ್ಸೆಯ ನಡುವೆ ಸಿಗರೇಟು ಸೇದಿದರೆ ಹುಣ್ಣು ಉಲ್ಬಣಿಸುತ್ತದೆ, ರೇಡಿಯೇಷನ್ನಿನ ಫಲವೂ ಕುಗ್ಗುತ್ತದೆ.

ನಾನು ಬರೆದದ್ದೆಲ್ಲ ಗಂಟಲಿನ ಸುತ್ತ. ಸೊಂಟದ ಭಾಗಕ್ಕೆ ಚಿಕಿತ್ಸೆ ಪಡೆಯುವವರ ಪಾಡು ಬೇರೆ, ಅವರ ಮೌನ ಇನ್ನೂ ದೊಡ್ಡದು. ಗರ್ಭಕಂಠಕ್ಕೆ ಸಾಮಾನ್ಯವಾಗಿ ಐದು ವಾರ ಹೊರಗಿನಿಂದ ರೇಡಿಯೇಷನ್, ವಾರವಾರ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಭೇದಿ, ಉರಿಮೂತ್ರ, ಗುದದ ನೋವು, ಬಿಳಿಸೆರಗು. ದಿನಕ್ಕೆ ಹತ್ತು ಸಲ ಶೌಚಕ್ಕೆ ಹೋಗುತ್ತಿದ್ದೇನೆ ಎಂದು ಹೇಳಲು ಸಂಕೋಚಪಟ್ಟು, ಭೇದಿಯಾಗದಿರಲೆಂದು ನೀರು ಕುಡಿಯುವುದನ್ನೇ ಬಿಟ್ಟವರೊಬ್ಬರನ್ನು ಕಾಯುವ ಕೋಣೆಯಲ್ಲಿ ಕಂಡಿದ್ದೇನೆ. ಅವರಿಗೆ ಬೇಕಿದ್ದದ್ದು ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ, ನಾರು ಕಡಿಮೆಯಿರುವ ಊಟ, ನೀರು-ಉಪ್ಪು-ಸಕ್ಕರೆಯ ದ್ರಾವಣ. ಚಿಕಿತ್ಸೆ ಮುಗಿದ ಮೇಲೆ ಯೋನಿಮಾರ್ಗ ಬಿಗಿದು ಅಂಟಿಕೊಳ್ಳದಿರಲು ಡೈಲೇಟರ್ ಎಂಬ ಅಗಲಿಸುವ ಸಾಧನ ಬಳಸಬೇಕಾಗುತ್ತದೆ ಎಂಬ ಮಾತನ್ನು ಡಾಕ್ಟರೂ ಗಂಡನೂ ಇರುವ ಕೋಣೆಯಲ್ಲಿ ಎತ್ತುವುದು ಎಷ್ಟು ಜನಕ್ಕೆ ಸಾಧ್ಯ? ಇಂಥದ್ದಕ್ಕೆ ಸಿಸ್ಟರ್ ಜೊತೆ ಪ್ರತ್ಯೇಕವಾಗಿ ಐದು ನಿಮಿಷ ಕೇಳಿ ಪಡೆಯುವುದು ಎಲ್ಲಕ್ಕಿಂತ ಸಲೀಸು.

ಮಾಸ್ಕಿನ ಕೆಳಗಿನ ಭಯದ ಬಗ್ಗೆಯೂ ಹೇಳಬಹುದು, ಕೇಳಬಹುದು. ಮೇಜಿಗೆ ತಲೆಯನ್ನು ಕಚ್ಚಿಸಿ ಎಲ್ಲರೂ ಕೋಣೆಯಿಂದ ಹೊರಗೆ ಹೋದಾಗ ಎದೆ ಹೊಡೆದುಕೊಳ್ಳುವುದು ಬಹಳ ಮಂದಿಗೆ ಆಗುವಂಥದ್ದೇ. ಕಣ್ಣಿನ ಜಾಗ ಕತ್ತರಿಸಿಕೊಡುತ್ತಾರೆ, ಹಾಡು ಹಾಕುತ್ತಾರೆ, ಬೇಕಿದ್ದರೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ ಕೊಡುತ್ತಾರೆ. ಕೈಯೆತ್ತಿದರೆ ಕ್ಯಾಮೆರಾದಲ್ಲಿ ನೋಡಿ ಒಳಗೆ ಬರುತ್ತಾರೆ.

ಹುಣ್ಣುಗಳು ಮಾಯಲು ತಿಂಗಳು, ಒಂದೂವರೆ ತಿಂಗಳು ಬೇಕಾಗುತ್ತದೆ. ರುಚಿ ಕಂತು ಕಂತಾಗಿ, ಕ್ರಮವಿಲ್ಲದೆ ಮರಳುತ್ತದೆ. ಜೊಲ್ಲು ಅರ್ಧಂಬರ್ಧ, ನೀರಿನ ಬಾಟಲಿ ಇಲ್ಲದೆ ನಾನು ಈಗಲೂ ಹೊರಗೆ ಹೋಗುವುದಿಲ್ಲ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತವೆ, ರೇಡಿಯೇಷನ್ ತಿಂದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಹಾಗಾಗಿ ಕೀಳಬೇಕಾದ ಹಲ್ಲನ್ನು ಚಿಕಿತ್ಸೆಗೆ ಮುಂಚೆಯೇ ಕಿತ್ತಿರುತ್ತಾರೆ, ಆಮೇಲೆ ಜೀವನಪೂರ್ತಿ ಫ್ಲೋರೈಡ್, ಮತ್ತು ಹಲ್ಲಿನ ಡಾಕ್ಟರನ್ನು ಬದಲಿಸಿದರೆ ಕುರ್ಚಿಯಲ್ಲಿ ಕೂರುವ ಮುಂಚೆ ‘ಕತ್ತಿಗೆ ರೇಡಿಯೇಷನ್ ಆಗಿದೆ’ ಎಂದು ಹೇಳುವುದು. ಥೈರಾಯ್ಡ್ ಕೂಡ ವರ್ಷಗಳ ನಂತರ ಮಂದವಾಗಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ಕೆಲಸ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸುತ್ತಿರಬೇಕು. ಕಾರಣವಿಲ್ಲದೆ ಸುಸ್ತು, ಚಳಿ, ತೂಕ ಏರಿಕೆ ಕಂಡರೆ ವಯಸ್ಸಾಯಿತು ಎಂದುಕೊಳ್ಳುವ ಮೊದಲು ಆ ಒಂದು ರಕ್ತಪರೀಕ್ಷೆಯಾಗಲಿ.